ಕಡಲೆಬೀಜದ ಅಲರ್ಜಿ: ಮೊದಲ ಅರ್ಧ ಗಂಟೆ ನಿಮ್ಮ ಕೈಯಲ್ಲಿ

ಆಹಾರದ ಅಲರ್ಜಿಯಿಂದ ಆದ ಸಾವುಗಳನ್ನು ಬ್ರಿಟನ್ನಿನಲ್ಲಿ ಒಂದೊಂದಾಗಿ ಪರಿಶೀಲಿಸಿದಾಗ, ಸುಮಾರು ಅರ್ಧದಷ್ಟು ಜನರಲ್ಲಿ ಉಸಿರು ಅಥವಾ ಹೃದಯ 30 ನಿಮಿಷದೊಳಗೇ ನಿಂತಿತ್ತು. ಸಂಜೆ ಆರು ಗಂಟೆಯ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ 30 ನಿಮಿಷಕ್ಕೆ ಎಷ್ಟು ದೂರ ಹೋಗಬಹುದು ಎಂದು ಲೆಕ್ಕ ಹಾಕಿ ನೋಡಿ. ಪಾವಗಡದ ಕಡೆಯ ಒಂದು ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆಗೆ ಎಷ್ಟು ಹೊತ್ತು ಬೇಕು ಎಂಬುದನ್ನೂ ಯೋಚಿಸಿ. ಚಿಕಿತ್ಸೆ ಆಸ್ಪತ್ರೆಯಲ್ಲಿ ಶುರುವಾಗಲಿ ಎಂದು ಕಾಯುವಂತಿಲ್ಲ, ನೀವು ಊಟಕ್ಕೆ ಕೂತ ಜಾಗದಲ್ಲೇ ಶುರುವಾಗಬೇಕು.

ಕಡಲೆಬೀಜದ ತೀವ್ರ ಅಲರ್ಜಿ ಇರುವವರ ಹೊಣೆ ಏನು ಎಂಬುದು ಇದರಿಂದಲೇ ತೀರ್ಮಾನವಾಗುತ್ತದೆ. ಬೀಜ ಬಾಯಿಗೆ ಹೋಗದಂತೆ ಪ್ರತಿ ಸಲ ಕೇಳಿ ತಿಳಿದು ತಿನ್ನಬೇಕು. ತಪ್ಪಿ ಹೋದರೆ ಆ ಅರ್ಧ ಗಂಟೆಗೆ ಬೇಕಾದ ಔಷಧ ನಿಮ್ಮ ಮೈಮೇಲೇ ಇರಬೇಕು. ಇವೆರಡನ್ನೂ ಅಡುಗೆಯವರಿಗೋ ನೆಂಟರಿಗೋ ಶಾಲೆಗೋ ಪೂರ್ತಿ ಒಪ್ಪಿಸಿ ನಿಶ್ಚಿಂತೆಯಾಗಿರಲು ಬರುವುದಿಲ್ಲ. ಅವರು ಸಹಾಯ ಮಾಡಬಹುದು, ಮಾಡಲೂಬೇಕು. ಆದರೆ ಅವರಿಗೆ ಮರೆವು ಬಂದ ದಿನ ತೊಂದರೆ ಅನುಭವಿಸುವವರು ನೀವು.

ಮೊದಲು ಖಚಿತವಾಗಲಿ

ಅಲರ್ಜಿ ಇದೆಯೋ ಇಲ್ಲವೋ ಎಂಬುದನ್ನು ಅಲರ್ಜಿ ತಜ್ಞರು ನಿಮ್ಮ ಅನುಭವದ ವಿವರ ಕೇಳಿ, ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಅಥವಾ ರಕ್ತದಲ್ಲಿನ ಐಜಿಇ (ಅಲರ್ಜಿ ಎಬ್ಬಿಸುವ ಪ್ರತಿಕಾಯ) ಪರೀಕ್ಷೆ ಮಾಡಿ ಹೇಳುತ್ತಾರೆ. ಚರ್ಮದ ಪರೀಕ್ಷೆಗೆ ಮುಂಚೆ ಸೆಟ್ರಿಝಿನ್‌ನಂಥ ಅಲರ್ಜಿ ಮಾತ್ರೆಗಳನ್ನು ಕೆಲವು ದಿನ ನಿಲ್ಲಿಸಬೇಕಾಗುತ್ತದೆ, ಎಷ್ಟು ದಿನ ಎಂದು ಮೊದಲೇ ಕೇಳಿಕೊಳ್ಳಿ. ಒಂದೇ ಸಲ ನೂರಾರು ಆಹಾರ ಪರೀಕ್ಷಿಸಿ ಕೊಡುತ್ತೇವೆ ಎನ್ನುವ ಐಜಿಜಿ (ಬೇರೊಂದು ಪ್ರತಿಕಾಯ) ಪ್ಯಾಕೇಜುಗಳಿಗೆ ದುಡ್ಡು ಸುರಿಯಬೇಡಿ. ಐಜಿಜಿ ಇದ್ದರೆ ಆ ಆಹಾರವನ್ನು ನೀವು ತಿಂದಿದ್ದೀರಿ ಎಂದಷ್ಟೇ ಗೊತ್ತಾಗುತ್ತದೆ, ಅಲರ್ಜಿ ಇದೆ ಎಂದಲ್ಲ. "ಒಂದೇ ಒಂದು ಬೀಜ ತಿಂದು ನೋಡೋಣ" ಎಂದು ಮನೆಯಲ್ಲಿ ಪರೀಕ್ಷೆಗಂತೂ ಇಳಿಯಬೇಡಿ. ಹಿಂದಿನ ಸಲ ಬರೀ ತುರಿಕೆ ಆಗಿದ್ದರೆ ಈ ಸಲವೂ ಅಷ್ಟರಲ್ಲೇ ನಿಲ್ಲುತ್ತದೆ ಎಂಬ ಖಾತ್ರಿ ಇಲ್ಲ.

ಆಸ್ತಮಾ ಇದ್ದರೆ ಅದನ್ನು ಹತೋಟಿಯಲ್ಲಿಡುವುದು ಅಲರ್ಜಿಯ ಆರೈಕೆಯ ಭಾಗವೇ. ಹತೋಟಿ ತಪ್ಪಿದ ಆಸ್ತಮಾ ಇರುವವರಲ್ಲಿ ಪ್ರಾಣಾಪಾಯ ಹೆಚ್ಚು. ಚೆನ್ನಾಗಿದ್ದೇನೆ ಎಂದು ದಿನದ ಇನ್‌ಹೇಲರ್ ಬಿಡಬೇಡಿ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ನುಂಗುತ್ತಿದ್ದರೆ ಅಲರ್ಜಿ ವೈದ್ಯರಿಗೆ ತಿಳಿಸಿ, ಅದು ತೀವ್ರ ಅಲರ್ಜಿಗೆ ಚುಚ್ಚುವ ಔಷಧವಾದ ಅಡ್ರಿನಾಲಿನ್‌ನ ಕೆಲಸವನ್ನು ತಗ್ಗಿಸುತ್ತದೆ.

ಕೇಳುವ ಮಾತು ಸರಿಯಿರಲಿ

ಕನ್ನಡದಲ್ಲಿ ಈ ವಿಷಯಕ್ಕೆ ವಿಶೇಷವಾದ ಒಂದು ಅಪಾಯವಿದೆ. ಕಡಲೆಕಾಯಿ, ಕಡಲೆಬೀಜ, ಕಳ್ಳೆಕಾಯಿ, ನೆಲಗಡಲೆ, ಶೇಂಗಾ ಎಲ್ಲವೂ ಒಂದೇ. ಕಡಲೆಬೇಳೆ, ಹುರಿಗಡಲೆ, ಪುಟಾಣಿ, ಕಡಲೆಹಿಟ್ಟು ಇವೆಲ್ಲ ಬೇರೆಯದೇ ಕಾಳಿನವು. ಆದರೆ ಕಡಲೆಹಿಟ್ಟಿನ ಕಡಲೆ ಒಂದು, ಕಡಲೆ ಎಣ್ಣೆಯ ಕಡಲೆ ಇನ್ನೊಂದು. "ಚಟ್ನಿಗೆ ಕಡಲೆ ಹಾಕಿದ್ದೀರಾ?" ಎಂದು ಕೇಳಿದರೆ ಅಡುಗೆಯವರು ಹುರಿಗಡಲೆಯನ್ನೇ ನೆನೆದು ಹೌದು ಅನ್ನಬಹುದು. "ಕಡಲೆ ಇಲ್ಲ, ಶೇಂಗಾ ಹಾಕಿದ್ದೇವೆ" ಎಂಬ ಉತ್ತರದ ಮೊದಲರ್ಧ ಮಾತ್ರ ಗದ್ದಲದಲ್ಲಿ ನಿಮ್ಮ ಕಿವಿಗೆ ಬೀಳಬಹುದು. ಹಾಗಾಗಿ ಎರಡು ಹೆಸರನ್ನೂ ಸೇರಿಸಿ "ಕಡಲೆಕಾಯಿ ಬೀಜ, ಶೇಂಗಾ" ಎಂದೇ ಕೇಳಿ. ಫೋನಿನಲ್ಲಿ ಒಂದು ಚಿತ್ರ ಇಟ್ಟುಕೊಂಡು ತೋರಿಸಿ.

ನಗರದ ಹೋಟೆಲುಗಳಲ್ಲಿ ಒಲೆಯ ಮುಂದೆ ನಿಂತವರು ಕನ್ನಡದವರೇ ಆಗಿರಬೇಕಿಲ್ಲ. ಹಿಂದಿಯಲ್ಲಿ ಮೂಂಗ್‌ಫಲಿ, ಬಂಗಾಳಿ ಮತ್ತು ಒಡಿಯಾದಲ್ಲಿ ಚೀನಾ ಬಾದಾಮ್, ತೆಲುಗಿನಲ್ಲಿ ವೇರುಶನಗ ಅಥವಾ ಪಲ್ಲಿ, ತಮಿಳಿನಲ್ಲಿ ವೇರ್ಕಡಲೈ, ಮಲಯಾಳದಲ್ಲಿ ಕಪ್ಪಲಂಡಿ, ಮರಾಠಿಯಲ್ಲಿ ಶೇಂಗದಾಣೆ. ಈ ಆರೇಳು ಪದ ಬಾಯಿಪಾಠ ಇರಲಿ.

ಇನ್ನೊಂದು ಪದ "ಒಗ್ಗಲ್ಲ". "ನನಗೆ ಕಡಲೆಕಾಯಿ ಒಗ್ಗಲ್ಲ" ಎಂದರೆ ಕೇಳಿದವರಿಗೆ ಪಿತ್ತ, ಉಷ್ಣ, ಹೊಟ್ಟೆಯುಬ್ಬರ ನೆನಪಾಗುತ್ತದೆ. "ಸ್ವಲ್ಪ ತಿಂದರೆ ಏನೂ ಆಗಲ್ಲ, ತೊಗೊಳ್ಳಿ" ಎಂಬ ಉಪಚಾರ ಅದರ ಹಿಂದೆಯೇ ಬರುತ್ತದೆ. ನೇರವಾಗಿ ಹೀಗೆ ಹೇಳಿ: "ಒಂದು ಚೂರು ಹೊಟ್ಟೆಗೆ ಹೋದರೂ ನನಗೆ ಉಸಿರು ಕಟ್ಟುತ್ತದೆ, ಜೀವಕ್ಕೆ ಅಪಾಯ." ಹೇಳುವಾಗ ಸಂಕೋಚ ಬೇಡ. ಮನೆಯವರಿಗೆ ಬೇಜಾರಾದೀತು ಎಂದು ಬಾಯಿ ಮುಚ್ಚಿಕೊಂಡು ತಿನ್ನುವುದಕ್ಕಿಂತ ದೊಡ್ಡ ಬೇಜಾರನ್ನು ಅವರಿಗೆ ಕೊಡಲಾರಿರಿ.

ನಮ್ಮ ಅಡುಗೆಯಲ್ಲಿ ಎಲ್ಲೆಲ್ಲಿ

ಕಣ್ಣಿಗೆ ಕಾಣುವವು ಸುಲಭ: ಚಿತ್ರಾನ್ನ, ಪುಳಿಯೋಗರೆ, ಒಗ್ಗರಣೆ ಅವಲಕ್ಕಿ, ಚುರುಮುರಿ, ಕಾಂಗ್ರೆಸ್ ಕಡಲೆಬೀಜ, ಚಿಕ್ಕಿ. ಪುಡಿಯಾಗಿ ಸೇರಿಕೊಂಡವೇ ಮೋಸ ಮಾಡುವುದು. ಎಣ್ಣೆಗಾಯಿಯ ಮಸಾಲೆ, ಗೊಜ್ಜುಗಳು, ಶೇಂಗಾ ಹೋಳಿಗೆ, ಕೆಲವು ಹೋಟೆಲುಗಳ ಬಿಳಿ ಚಟ್ನಿ, ಏಕಾದಶಿಯ ಸಾಬುದಾನಿ ಖಿಚಡಿ, ನಿಪ್ಪಟ್ಟು. ನಿಪ್ಪಟ್ಟಿನಲ್ಲಿ ತರಿತರಿಯಾಗಿ ಕುಟ್ಟಿದ ಬೀಜ ಹಾಕುವುದು ರೂಢಿ, ಅದೇ ಬಾಣಲೆಯ ಎಣ್ಣೆಯಲ್ಲಿ ಆಮೇಲೆ ಕೋಡುಬಳೆ, ಚಕ್ಕುಲಿ ಕರಿಯುತ್ತಾರೆ. ಕರಿದ ಎಣ್ಣೆಯಲ್ಲಿ ಅಲರ್ಜಿ ಎಬ್ಬಿಸುವ ಬೀಜದ ಪ್ರೋಟೀನು ಉಳಿದು ಮುಂದಿನ ತಿಂಡಿಗೂ ಅಂಟುತ್ತದೆ. ಬಿಸಿಗೆ ಎಲ್ಲ ಸುಟ್ಟುಹೋಗುತ್ತದೆ ಎಂಬ ನಂಬಿಕೆ ತಪ್ಪು. ಹುರಿದಾಗ ಕಡಲೆಬೀಜದ ಅಲರ್ಜಿಕಾರಕ ಗುಣ ಹೆಚ್ಚುತ್ತದೆ. ಬೇಯಿಸಿದರೆ ಕೊಂಚ ತಗ್ಗಿದರೂ ಸುರಕ್ಷಿತವಾಗುವುದಿಲ್ಲ.

ಉತ್ತರ ಕರ್ನಾಟಕದ ಖಾನಾವಳಿಗಳ ಬಗ್ಗೆ ಬಿಡಿಸಿ ಹೇಳಬೇಕು. ಅಲ್ಲಿ ಶೇಂಗಾ ಚಟ್ನಿಪುಡಿ ತಟ್ಟೆಯಲ್ಲಿ ಉಪ್ಪಿನಷ್ಟೇ ಸಹಜ. ಬಡಿಸುವವರ ಕೈ, ಚಮಚ, ಪಲ್ಯದ ಮಸಾಲೆ ಎಲ್ಲದರಲ್ಲೂ ಅದು ಇರುತ್ತದೆ. ತೀವ್ರ ಅಲರ್ಜಿ ಇರುವವರು ಅಲ್ಲಿ ಊಟದ ಬದಲು ಬಾಳೆಹಣ್ಣು, ಎಳನೀರು, ಮನೆಯಿಂದ ಒಯ್ದ ಬುತ್ತಿಯಲ್ಲಿ ಆ ಹೊತ್ತು ಕಳೆಯುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ.

ಎಣ್ಣೆಯ ವಿಷಯ. ಪೂರ್ತಿ ರಿಫೈನ್ ಮಾಡಿದ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನು ಬಹುತೇಕ ಇರುವುದಿಲ್ಲ, ಹೆಚ್ಚಿನವರಿಗೆ ಅದರಿಂದ ತೊಂದರೆಯಾಗದು. ಗಾಣದ ಎಣ್ಣೆಯಲ್ಲಿ ಪ್ರೋಟೀನು ಉಳಿದಿರುತ್ತದೆ. ಈಚೆಗೆ ಬೀದಿಬೀದಿಗೆ ಗಾಣದ ಎಣ್ಣೆಯ ಅಂಗಡಿ ಬಂದಿರುವುದರಿಂದ, ಮೊದಲು ತೊಂದರೆ ಕೊಡದ ನೆಂಟರ ಮನೆಯ ಊಟ ಈಗ ಕೊಡಬಹುದು. ಯಾವ ಎಣ್ಣೆ ಎಂದು ಪ್ರತಿ ಸಲ ಕೇಳಿ.

ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಬೀಜ ಇದ್ದೇ ಇರುತ್ತದೆ. ಬೀರಲು ಬಂದವರಿಂದ ಪೊಟ್ಟಣ ತೆಗೆದುಕೊಳ್ಳಿ, ತೆರೆಯದೆ ಬೇರೆಯವರಿಗೆ ಕೊಡಿ. ಪ್ರಸಾದವನ್ನೂ ಹಾಗೆಯೇ: ಕಣ್ಣಿಗೊತ್ತಿಕೊಂಡು ಪಕ್ಕದವರ ಕೈಗಿಟ್ಟರೆ ಭಕ್ತಿಗೆ ಕುಂದಿಲ್ಲ. ಆಮೇಲೆ ಕೈ ತೊಳೆಯಿರಿ. ಸೋಪು ಹಾಕಿ ತೊಳೆದರೆ ಕಡಲೆಬೀಜದ ಪ್ರೋಟೀನು ಹೋಗುತ್ತದೆ, ಬರೀ ನೀರು ಅಥವಾ ಸ್ಯಾನಿಟೈಸರ್ ಸಾಲದು. ಬಸವನಗುಡಿಯ ಕಡಲೆಕಾಯಿ ಪರಿಷೆಯಂಥ ಕಡೆ ವಾಸನೆಯೊಂದರಿಂದಲೇ ಅಪಾಯವಿಲ್ಲ, ವಾಸನೆಯಲ್ಲಿ ಪ್ರೋಟೀನು ಇರುವುದಿಲ್ಲ. ಸಿಪ್ಪೆ ಸುಲಿಯುವಾಗ, ಹುರಿಯುವಾಗ ಏಳುವ ದೂಳಿನಲ್ಲಿ ಇರಬಹುದು. ಆಸ್ತಮಾ ಇರುವವರು ದೂರವಿರುವುದು ಒಳ್ಳೆಯದು.

ಮನೆಯ ಅಡುಗೆಮನೆ

ಸಾಧ್ಯವಿದ್ದರೆ ಮನೆಗೆ ಕಡಲೆಬೀಜ ತರುವುದನ್ನೇ ನಿಲ್ಲಿಸಿ. ಮಗುವಿಗೆ ಅಲರ್ಜಿ ಇರುವ ಮನೆಯಲ್ಲಿ ಇದೇ ಸರಿ. ಆಗದಿದ್ದರೆ ಮಿಕ್ಸಿಯ ಜಾರು ಬೇರೆ ಇಡಿ. ಬ್ಲೇಡಿನ ಕೆಳಗಿನ ರಬ್ಬರ್ ವಾಷರಿನ ಸಂದಿಯಲ್ಲಿ ಪುಡಿ ಕೂತಿರುತ್ತದೆ, ಜಾರನ್ನು ತೊಳೆದರೂ ಅಲ್ಲಿಗೆ ನಾರು ತಲಪುವುದಿಲ್ಲ. ಶೇಂಗಾ ಪುಡಿ ಮಾಡಿದ ಜಾರಿನಲ್ಲೇ ಮರುದಿನ ಕಾಯಿಚಟ್ನಿ ರುಬ್ಬಿ ತೊಂದರೆಯಾಗುವುದು ಹೀಗೆ. ಮರದ ಸೌಟು, ಲಟ್ಟಣಿಗೆ, ಗೀರು ಬಿದ್ದ ನಾನ್‌ಸ್ಟಿಕ್ ತವ ಕೂಡ ಬೇರೆ. ಸ್ಟೀಲು ಪಾತ್ರೆಯನ್ನು ಸೋಪು ಹಾಕಿ ಉಜ್ಜಿದರೆ ಸಾಕು. ಒಗ್ಗರಣೆ ಡಬ್ಬಿಯ ಒಂದು ಬಟ್ಟಲಲ್ಲಿ ಬೀಜ, ಪಕ್ಕದ್ದರಲ್ಲಿ ಸಾಸಿವೆ, ಎರಡಕ್ಕೂ ಒಂದೇ ಚಮಚ ಇದ್ದರೆ ಆ ಸಾಸಿವೆಯೂ ನಿಮಗೆ ಆಗದು.

ಹೊರಗೆ ಊಟ

ದರ್ಶಿನಿಯಲ್ಲಿ ನೂಕುನುಗ್ಗಲಿನ ಹೊತ್ತಿನಲ್ಲಿ ಕೌಂಟರಿನಲ್ಲಿ ಕೇಳಿದರೆ "ಇಲ್ಲ ಸಾರ್" ಎಂಬುದು ಅಭ್ಯಾಸಬಲದ ಉತ್ತರ. ಜನ ಕಡಿಮೆ ಇರುವಾಗ ಹೋಗಿ, ಅಡುಗೆಯವರನ್ನೇ ಕೇಳಿ. "ಬೀಜ ಇದೆಯಾ?" ಎನ್ನುವ ಬದಲು "ಈ ಚಟ್ನಿಗೆ ಏನೇನು ಹಾಕುತ್ತೀರಿ?" ಎಂದು ಕೇಳಿ. ಅವರು ಎಣಿಸಿ ಹೇಳುವಾಗ ಬೀಜದ ಹೆಸರು ತಾನಾಗಿ ಬರುತ್ತದೆ. ಆಮೇಲೆ ಸೌಟು, ಕರಿಯುವ ಎಣ್ಣೆ, ತವದ ವಿಷಯ ಕೇಳಿ. ಉತ್ತರ ಕೊಡಲು ಅವರು ತಡವರಿಸಿದರೆ ಅಲ್ಲಿ ತಿನ್ನಬೇಡಿ. ಚಟ್ನಿ ಬೇಡವೆಂದು ಇಡ್ಲಿ ಮಾತ್ರ ತೆಗೆದುಕೊಳ್ಳುವುದು ಮಸಾಲೆದೋಸೆಗಿಂತ ವಾಸಿ, ಆದರೆ ಬಡಿಸುವ ತಟ್ಟೆ ಒಣಗಿರಲಿ, ಚಟ್ನಿಯ ಪಸೆ ಉಳಿದಿರದಿರಲಿ. ಮೊಬೈಲ್ ಆ್ಯಪ್‌ನಲ್ಲಿ ತರಿಸುವಾಗ ಸೂಚನೆಯ ಪೆಟ್ಟಿಗೆಯಲ್ಲಿ ಬರೆದು ನಂಬಿಕೊಳ್ಳಬೇಡಿ, ಹೋಟೆಲಿಗೇ ಫೋನ್ ಮಾಡಿ.

ಮದುವೆಯೂಟದಲ್ಲಿ ಹಿಂದಿನ ದಿನವೇ ಅಡುಗೆ ಭಟ್ಟರೊಡನೆ ಮಾತಾಡಿ. ಮೊದಲ ಪಂಕ್ತಿಗೇ ಕೂರಿ, ಸೌಟುಗಳು ಆಗಿನ್ನೂ ಬೆರೆತಿರುವುದಿಲ್ಲ. ಎಲೆಗೆ ಚಿತ್ರಾನ್ನವೋ ಪುಳಿಯೋಗರೆಯೋ ತಪ್ಪಿ ಬಿದ್ದರೆ ಅದನ್ನು ಬದಿಗೆ ಸರಿಸಿ ಉಣ್ಣಬೇಡಿ, ಎಲೆಯನ್ನೇ ಬದಲಿಸಿ.

ಬಾರುಗಳಲ್ಲಿ ಕೇಳದೆಯೇ ಮೇಜಿಗೆ ಬರುವ ಮಸಾಲಾ ಕಡಲೆಬೀಜ ಎರಡು ರೀತಿಯ ಅಪಾಯ. ಕುಡಿತ ರಿಯಾಕ್ಷನ್ನನ್ನು ತೀವ್ರಗೊಳಿಸುತ್ತದೆ, ಜೊತೆಗೆ ಎಚ್ಚರ ತಪ್ಪಿಸುತ್ತದೆ. ಜ್ವರ, ನಿದ್ದೆಗೇಡು, ತಿಂದ ಕೂಡಲೇ ಓಟ ಅಥವಾ ಜಿಮ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಇವೂ ಸಣ್ಣ ರಿಯಾಕ್ಷನ್ನನ್ನು ದೊಡ್ಡದಾಗಿಸಬಲ್ಲವು. ಬಾಳಸಂಗಾತಿ ಬೀಜ ತಿಂದು ಮುತ್ತು ಕೊಟ್ಟರೂ ರಿಯಾಕ್ಷನ್ ಆಗಬಹುದು. ಹಲ್ಲುಜ್ಜಿದರೆ ಸಾಲದು. ಕೆಲವು ಗಂಟೆ ಬಿಟ್ಟು, ನಡುವೆ ಬೀಜವಿಲ್ಲದ ಒಂದು ಊಟ ಆಗಿರಬೇಕು.

ಮಕ್ಕಳಿಗೆ ಈ ಹೊಣೆ ವಯಸ್ಸಿಗೆ ತಕ್ಕಂತೆ ದಾಟಲಿ. ಐದರ ಮಗು "ಅಮ್ಮನ್ನ ಕೇಳಿ ತಿಂತೀನಿ" ಎನ್ನಲು ಕಲಿಯಲಿ, ಹತ್ತರ ಮಗು ಲೇಬಲ್ ಓದಲಿ, ಹದಿಮೂರು ಹದಿನಾಲ್ಕಕ್ಕೆ ಔಷಧವನ್ನು ತಾನೇ ಹೊತ್ತು ತಾನೇ ಚುಚ್ಚಿಕೊಳ್ಳಲು ಕಲಿಯಲಿ. ಶಾಲೆಯಲ್ಲಿ ಹುಟ್ಟುಹಬ್ಬದ ಚಾಕೊಲೇಟು ಹಂಚುತ್ತಾರೆ. ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಚಿಕ್ಕಿ ಕೊಟ್ಟದ್ದೂ ಉಂಟು. ತರಗತಿಯ ಶಿಕ್ಷಕರಿಗೆ ಬರವಣಿಗೆಯಲ್ಲಿ ತಿಳಿಸಿ, ಔಷಧ ಬೀಗ ಹಾಕಿದ ಕಪಾಟಿನಲ್ಲಿ ಇರದಂತೆ ನೋಡಿಕೊಳ್ಳಿ.

ಲೇಬಲ್

ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದ ಪ್ರಕಾರ ಪ್ಯಾಕೆಟ್ಟಿನ ಮೇಲೆ ಅಲರ್ಜಿಕಾರಕಗಳನ್ನು "ಕಂಟೇನ್ಸ್" ಎಂದು ಬರೆಯಬೇಕು: ಗ್ಲುಟೆನ್ ಇರುವ ಧಾನ್ಯ, ಸಿಗಡಿ ಏಡಿಯಂಥವು, ಹಾಲು, ಮೊಟ್ಟೆ, ಮೀನು, ಕಡಲೆಬೀಜ ಮತ್ತು ಗೋಡಂಬಿ ಬಾದಾಮಿಯಂಥ ಬೀಜಗಳು, ಸೋಯಾ, ಕಿಲೋಗೆ 10 ಮಿಲಿಗ್ರಾಂ ದಾಟಿದ ಸಲ್ಫೈಟ್. ಎಳ್ಳು ಮತ್ತು ಸಾಸಿವೆ ಈ ಪಟ್ಟಿಯಲ್ಲಿಲ್ಲ. ಎಳ್ಳಿನ ಅಲರ್ಜಿ ಇರುವವರು ಪದಾರ್ಥಗಳ ಪೂರ್ತಿ ಪಟ್ಟಿಯನ್ನೇ ಓದಬೇಕು. ಅಮೆರಿಕದಲ್ಲಿ 2023ರಿಂದ ಎಳ್ಳನ್ನು ನಮೂದಿಸುವುದು ಕಡ್ಡಾಯ, ಆ ರೂಢಿಯಲ್ಲಿದ್ದು ಊರಿಗೆ ಬಂದವರು ಇಲ್ಲಿ ಎಡವುತ್ತಾರೆ.

"ಮೇ ಕಂಟೇನ್" ಎಂಬುದು ಒಂದೇ ಯಂತ್ರದಲ್ಲಿ ತಯಾರಾದಾಗ ಬೆರೆತಿರಬಹುದೆಂಬ ಎಚ್ಚರಿಕೆ. ಅದು ಬರೆದಿದ್ದರೆ ತಿನ್ನಬೇಡಿ. ಬರೆದಿಲ್ಲ ಎಂದರೆ ಬೆರೆತಿಲ್ಲ ಎಂದೇನೂ ಅಲ್ಲ. ಪೀನಟ್, ಗ್ರೌಂಡ್‌ನಟ್, ಅರಾಚಿಸ್ ಆಯಿಲ್ ಎಲ್ಲವೂ ಇದೇ ಬೀಜ. ಕೊನೆಯದು ಕೆಲವು ಮುಲಾಮು, ಕ್ಯಾಪ್ಸೂಲುಗಳಲ್ಲೂ ಇರುತ್ತದೆ. ವರ್ಷಗಟ್ಟಲೆ ತಿಂದ ಬಿಸ್ಕತ್ತೇ ಆದರೂ ಪ್ರತಿ ಪ್ಯಾಕೆಟ್ ಓದಿ, ಕಂಪನಿಗಳು ಹೇಳದೆ ಪದಾರ್ಥ ಬದಲಿಸುತ್ತವೆ. 10 ಅಥವಾ ಹೆಚ್ಚು ಕಡೆ ಮಳಿಗೆ ಇರುವ ಹೋಟೆಲುಗಳು ಅಲರ್ಜಿಯ ಮಾಹಿತಿ ಕೊಡಬೇಕೆಂಬ ನಿಯಮವಿದೆ, ಕೇಳಿ ಪಡೆಯಿರಿ. ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಡುವ ಕುರುಕಲಿಗೆ ಲೇಬಲ್ಲೂ ಇಲ್ಲ, ಪ್ರತಿ ಡಬ್ಬಿಗೆ ಬೇರೆ ಸೌಟೂ ಇಲ್ಲ. ಅದನ್ನು ಬಿಟ್ಟುಬಿಡಿ.

ಔಷಧದ ಚೀಲ

ಅನಾಫಿಲ್ಯಾಕ್ಸಿಸ್‌ಗೆ, ಅಂದರೆ ಮೈಯೆಲ್ಲ ವ್ಯಾಪಿಸುವ ತೀವ್ರ ಅಲರ್ಜಿಗೆ, ಮೊದಲ ಔಷಧ ಅಡ್ರಿನಾಲಿನ್ ಒಂದೇ. ಸೆಟ್ರಿಝಿನ್, ಅವಿಲ್ ತುರಿಕೆ ಇಳಿಸುತ್ತವೆ, ಬಿಗಿದ ಗಂಟಲನ್ನು, ಕುಸಿದ ಬಿಪಿಯನ್ನು ಸರಿಪಡಿಸುವುದಿಲ್ಲ. ಸ್ಟೀರಾಯ್ಡ್ ಕೆಲಸ ಶುರುಮಾಡುವುದಕ್ಕೇ ಗಂಟೆಗಳು ಬೇಕು.

ಪ್ರಮಾಣ ಮೈತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ. ಮಕ್ಕಳಿಗೆ ಸಾಮಾನ್ಯವಾಗಿ ಗರಿಷ್ಠ 0.3, ದೊಡ್ಡವರಿಗೆ 0.5 ಮಿಲಿಗ್ರಾಂ. ನಿಮ್ಮ ಅಂಕಿಯನ್ನು ವೈದ್ಯರಿಂದ ಬರೆಸಿಕೊಳ್ಳಿ. ಆಟೋಇಂಜೆಕ್ಟರ್, ಅಂದರೆ ಒತ್ತಿದರೆ ತಾನೇ ಚುಚ್ಚುವ ಪೆನ್ನಿನಂಥ ಸಾಧನ, ಸಾಮಾನ್ಯವಾಗಿ 15ರಿಂದ 30 ಕಿಲೋ ತೂಕದವರಿಗೆ 0.15, ಅದಕ್ಕಿಂತ ಹೆಚ್ಚಿದ್ದರೆ 0.3 ಮಿಲಿಗ್ರಾಂನದು. ನಮ್ಮಲ್ಲಿ ಅದು ಎಲ್ಲ ಔಷಧದ ಅಂಗಡಿಯಲ್ಲೂ ಸಿಗುವ ವಸ್ತುವಲ್ಲ. ಸಿಗದಿದ್ದಾಗ ವೈದ್ಯರು ಆಂಪ್ಯೂಲ್ (ಔಷಧದ ಪುಟ್ಟ ಗಾಜಿನ ಶೀಸೆ) ಮತ್ತು ಸಿರಿಂಜ್ ಕೊಟ್ಟು ಕಲಿಸುತ್ತಾರೆ. ಆಂಪ್ಯೂಲಿನ 1 ಮಿಲೀ ದ್ರವದಲ್ಲಿ 1 ಮಿಲಿಗ್ರಾಂ ಇರುತ್ತದೆ, ಅಂದರೆ 20 ಕಿಲೋ ಮಗುವಿಗೆ 0.2 ಮಿಲೀ. 1 ಮಿಲೀ ಸಿರಿಂಜ್, ಸುಮಾರು 1 ಇಂಚಿನ ಸೂಜಿ ಬೇಕು. ಇನ್ಸುಲಿನ್ ಸಿರಿಂಜ್ ಬೇಡ: ಅದರ ಸೂಜಿ ಸ್ನಾಯುವಿಗೆ ಮುಟ್ಟದಷ್ಟು ಗಿಡ್ಡ, ಗೆರೆಗಳು ಯೂನಿಟ್ ಲೆಕ್ಕದಲ್ಲಿದ್ದು ಅಳತೆ ತಪ್ಪುತ್ತದೆ. ತಂದೆತಾಯಿಗಳಿಂದ ಆಂಪ್ಯೂಲ್ ಒಡೆಸಿ ಅಳೆಸಿ ನೋಡಿದ ಪ್ರಯೋಗದಲ್ಲಿ ಅವರಿಗೆ ಸರಾಸರಿ 2 ನಿಮಿಷಕ್ಕೂ ಹೆಚ್ಚು ಹಿಡಿಯಿತು, ಅಳತೆಯಲ್ಲಿ ಭಾರೀ ಏರುಪೇರಾಯಿತು. ಸಲೈನ್ ಆಂಪ್ಯೂಲ್‌ಗಳನ್ನು ತಂದು, ವೈದ್ಯರ ಅಥವಾ ನರ್ಸಿನ ಎದುರು, ಕೈಗೆ ರೂಢಿಯಾಗುವವರೆಗೆ ಅಭ್ಯಾಸ ಮಾಡಿ. ಮನೆಯ ಇನ್ನಿಬ್ಬರಿಗೂ ಕಲಿಸಿ. ಸಿರಿಂಜಿನ ಮೇಲೆ ನಿಮ್ಮ ಪ್ರಮಾಣದ ಗೆರೆಯನ್ನು ಮಾರ್ಕರಿನಿಂದ ಗುರುತು ಮಾಡಿಡಿ.

ಯಾವಾಗಲೂ ಎರಡು ಡೋಸು ಇರಲಿ. ಒಂದು ಸಾಲದೇ ಹೋಗಬಹುದು, ಗಾಬರಿಯಲ್ಲಿ ಒಂದು ಹಾಳಾಗಲೂಬಹುದು. ಜೊತೆಗೆ ಆಸ್ತಮಾ ಇದ್ದರೆ ನೀಲಿ ಇನ್‌ಹೇಲರ್, ಸೆಟ್ರಿಝಿನ್, ಕನ್ನಡ ಮತ್ತು ಇಂಗ್ಲಿಷಿನಲ್ಲಿ ಹೆಸರು, ಅಲರ್ಜಿ, ಏನು ಮಾಡಬೇಕು, ಮನೆಯವರ ಫೋನ್ ನಂಬರ್ ಬರೆದ ಒಂದು ಕಾರ್ಡು. ಅಡ್ರಿನಾಲಿನ್‌ಗೆ 25 ಡಿಗ್ರಿಯೊಳಗಿನ ತಂಪು ಹಿತ, ಬೆಳಕು ಆಗದು. ಫ್ರಿಜ್ಜಿನಲ್ಲಿಡಬೇಡಿ. ಬಿಸಿಲಲ್ಲಿ ನಿಂತ ಕಾರು, ಸ್ಕೂಟರಿನ ಡಿಕ್ಕಿ ಅದನ್ನು ಕೆಡಿಸುತ್ತವೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಿಸಿ ತಡೆಯುವ ಪೌಚ್ ಬೇಕೇ ಬೇಕು. ತಿಂಗಳಿಗೊಮ್ಮೆ ಬೆಳಕಿಗೆ ಹಿಡಿದು ನೋಡಿ: ಬಣ್ಣ ಕಂದು ಅಥವಾ ಗುಲಾಬಿಗೆ ತಿರುಗಿದ್ದರೆ, ಒಳಗೆ ಚೂರು ಕಂಡರೆ ಬದಲಿಸಿ. ವಿಮಾನದಲ್ಲಿ ವೈದ್ಯರ ಪತ್ರದೊಂದಿಗೆ ಕೈಚೀಲದಲ್ಲಿರಲಿ, ಲಗೇಜಿಗೆ ಹಾಕಬೇಡಿ. "ಇಲ್ಲೇ ಮೂಲೆಯ ಅಂಗಡಿಗೆ ಹೋಗಿಬರುವುದು ತಾನೇ" ಎಂಬ ದಿನವೂ ಚೀಲ ನಿಮ್ಮ ಜೊತೆಗಿರಲಿ.

ರಿಯಾಕ್ಷನ್ ಶುರುವಾದರೆ

ಗಂಟಲು ಬಿಗಿಯುವುದು, ದನಿ ಗೊಗ್ಗರಾಗುವುದು, ಬಿಡದ ಕೆಮ್ಮು, ಉಬ್ಬಸ, ತಲೆಸುತ್ತು, ಮಂಕು ಇವುಗಳಲ್ಲಿ ಒಂದಿದ್ದರೂ ಚುಚ್ಚಿ. ಮೈಮೇಲೆ ಗಂಧೆ ಎದ್ದು ಜೊತೆಗೆ ಮತ್ತೆಮತ್ತೆ ವಾಂತಿ ಅಥವಾ ಹೊಟ್ಟೆನೋವು ಇದ್ದರೂ ಚುಚ್ಚಿ. ಗಂಧೆ ಏಳದೆಯೂ ಅನಾಫಿಲ್ಯಾಕ್ಸಿಸ್ ಆಗುತ್ತದೆ. "ಪಿತ್ತ ಎದ್ದಿದೆ" ಎಂದು ಮನೆಮದ್ದು ಅರೆಯುತ್ತಾ ಕೂತರೆ ಅಮೂಲ್ಯ ಹೊತ್ತು ಹೋಗುತ್ತದೆ. ಅನುಮಾನವಿದ್ದರೆ ಚುಚ್ಚುವುದೇ ಸರಿ, ತಡಮಾಡಿದ ಅಡ್ರಿನಾಲಿನ್‌ನಿಂದ ಆಗುವ ಹಾನಿ ಬೇಡದಿದ್ದಾಗ ಚುಚ್ಚಿದ್ದಕ್ಕಿಂತ ಬಹಳ ದೊಡ್ಡದು.

1. ಜೊತೆಯಲ್ಲಿರುವವರಿಗೆ ಕೂಡಲೇ ಹೇಳಿ. ವಾಂತಿ ಬಂತೆಂದು ನಾಚಿ ಒಬ್ಬರೇ ಬಾತ್‌ರೂಮಿಗೆ ಹೋಗಬೇಡಿ, ಬಾಗಿಲು ಹಾಕಿಕೊಂಡು ಕುಸಿದವರನ್ನು ಯಾರೂ ನೋಡುವುದಿಲ್ಲ.

2. ಮಲಗಿ, ಕಾಲು ಎತ್ತರಿಸಿ. ಉಸಿರಾಟ ಕಷ್ಟವಿದ್ದರೆ ಕಾಲು ಚಾಚಿ ಒರಗಿ ಕೂರಿ. ವಾಂತಿಯಾಗುತ್ತಿದ್ದರೆ, ಬಸುರಿಯಾಗಿದ್ದರೆ ಎಡಮಗ್ಗುಲು. ಏಳಬೇಡಿ, ನಡೆಯಬೇಡಿ. ಬಿಪಿ ಕುಸಿದಾಗ ಥಟ್ಟನೆ ಎದ್ದರೆ ಹೃದಯಕ್ಕೆ ರಕ್ತ ಮರಳದೆ ಪ್ರಾಣ ಹೋದದ್ದಿದೆ.

3. ತೊಡೆಯ ಹೊರಬದಿಯ ನಡುಭಾಗಕ್ಕೆ ಚುಚ್ಚಿ. ಆಟೋಇಂಜೆಕ್ಟರ್ ಬಟ್ಟೆಯ ಮೇಲಿಂದಲೇ ಆಗುತ್ತದೆ, ಆದರೆ ಸೀರೆಯ ನೆರಿಗೆ, ಪಂಚೆಯ ಮಡಿಕೆಗಳನ್ನು ಸರಿಸಿ, ಜೇಬಿನ ಫೋನು, ಬೀಗದ ಕೈ ತೆಗೆಯಿರಿ. ಸೂಜಿಯ ತುದಿ ಯಾವುದೆಂದು ನೋಡದೆ ಹೆಬ್ಬೆರಳಿಗೆ ಚುಚ್ಚಿಕೊಳ್ಳುವುದು ಸಾಮಾನ್ಯವಾದ ತಪ್ಪು. ಒತ್ತಿದ ಮೇಲೆ ಅದರ ಮೇಲೆ ಬರೆದಷ್ಟು ಸೆಕೆಂಡು ಹಿಡಿದಿರಿ. ವೇಳೆ ಬರೆದಿಡಿ.

4. 108ಕ್ಕೋ 112ಕ್ಕೋ ಕರೆ ಮಾಡಿಸಿ. "ಅನಾಫಿಲ್ಯಾಕ್ಸಿಸ್, ಉಸಿರು ಕಟ್ಟುತ್ತಿದೆ" ಎಂದೇ ಹೇಳಿಸಿ.

5. 5ರಿಂದ 15 ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯ ಡೋಸು. ಎದೆ ಡವಡವ, ಕೈ ನಡುಕ ಅಡ್ರಿನಾಲಿನ್‌ನಿಂದ ಆಗುವುದೇ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ.

6. ಇನ್‌ಹೇಲರ್, ಮಾತ್ರೆ ಇವೆಲ್ಲ ಇದಾದ ಮೇಲೆ.

ಆರಾಮಾದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಔಷಧದ ಪ್ರಭಾವ ಇಳಿದು ಕೆಲವು ಗಂಟೆಗಳ ಮೇಲೆ ಎರಡನೆಯ ಅಲೆ ಬರುವುದುಂಟು. ಎಷ್ಟು ಹೊತ್ತು ನಿಗಾದಲ್ಲಿರಬೇಕೆಂದು ವೈದ್ಯರು ತೀರ್ಮಾನಿಸಲಿ, ತೀವ್ರವಾಗಿದ್ದರೆ ಆ ರಾತ್ರಿ ಅಲ್ಲೇ ಉಳಿಯಿರಿ. ಯಾವ ವೇಳೆಗೆ ಎಷ್ಟು ಚುಚ್ಚಿದ್ದೀರಿ ಎಂಬ ಚೀಟಿಯನ್ನೂ ಖಾಲಿ ಸಿರಿಂಜನ್ನೂ ತೋರಿಸಿ. ಸೂಜಿಮದ್ದು ಅವಿಲ್ ಮಾತ್ರ ಸಾಕೆಂದು ಯಾರಾದರೂ ಅಂದರೆ ಕಾರ್ಡು ತೋರಿಸಿ, ಅಡ್ರಿನಾಲಿನ್ ಕೊಡುವಿರಾ ಎಂದು ವಿನಯದಿಂದ, ಆದರೆ ಬಿಡದೆ ಕೇಳಿ. ತಿಂದದ್ದೇನು, ಯಾರ ಕೈಯದು, ಯಾವ ಎಣ್ಣೆಯದು ಎಂದು ನೆನಪು ಹಸಿಯಾಗಿರುವಾಗಲೇ ಬರೆದುಕೊಳ್ಳಿ, ಪ್ಯಾಕೆಟ್ ಇದ್ದರೆ ಎಸೆಯಬೇಡಿ. ಬಿಡುಗಡೆಯ ಚೀಟಿಯ ಜೊತೆಗೆ ಹೊಸ ಅಡ್ರಿನಾಲಿನ್‌ನ ಚೀಟಿಯನ್ನೂ ಬರೆಸಿಕೊಳ್ಳಿ, ಎರಡೂ ಡೋಸು ಚೀಲಕ್ಕೆ ಸೇರಿದ ಮೇಲೆಯೇ ಮನೆಗೆ ಹೊರಡಿ.